ಇವತ್ತಿನ ಶಿವಮೊಗ್ಗ ಜಿಲ್ಲೆ ಹೈದರಾಲಿ ಕಾಲಕ್ಕೆ ಹೋಗಿ ಬಿದ್ರೆ? ಪರ್ಯಾಯ ಇತಿಹಾಸದ ಕಥೆ ಕಟ್ಟೋಕೆ ಸಮಗ್ರ ಮಾರ್ಗದರ್ಶಿ

ಆಲ್ಟರ್ನೇಟ್ ಹಿಸ್ಟರಿಯಲ್ಲಿ, ಅಂದ್ರೆ ಇತಿಹಾಸ ಬೇರೆ ಥರ ನಡೆದಿದ್ರೆ ಅಂತ ಕಲ್ಪಿಸಿ ಬರೆಯೋ ಕಥೆಗಳಲ್ಲಿ, ಒಂದು ಹಳೇ ಆಟ ಇದೆ. ಈಗಿನ ಒಂದು ದೇಶನ ಜನ, ರಸ್ತೆ, ಕರೆಂಟು, ಬ್ಯಾಂಕು, ಬೀದಿನಾಯಿ ಸಮೇತ ಇದ್ದ ಹಾಗೇ ಎತ್ತಿ ಹಿಂದಿನ ಯಾವುದೋ ಯುದ್ಧದ ಮಧ್ಯೆ ಇಟ್ಬಿಡೋದು, ಆಮೇಲೆ ಎಂತ ಆಗತ್ತೆ ಅಂತ ಬರೀತಾ ಹೋಗೋದು. ನಮ್ಮ ಹುಡುಗ್ರು ಇದನ್ನ ಬರೆಯೋಕೆ ಕೂತ್ರೆ ಮೊದಲನೇ ಪುಟದಲ್ಲೇ ಇಡೀ ಭಾರತನ 1761ರ ಪಾಣಿಪತ್ತಿಗೆ ಕಳಿಸ್ತಾರೆ, ಎರಡನೇ ಪುಟದಲ್ಲಿ ಸುಖೋಯ್ ಹಾರತ್ತೆ, ಮೂರನೇ ಪುಟಕ್ಕೆ ಅಬ್ದಾಲಿ ಕಥೆ ಫಿನಿಶ್, ನಾಲ್ಕನೇ ಪುಟದಲ್ಲಿ ಬರೆಯೋಕೆ ಎಂತದೂ ಉಳಿದಿರಲ್ಲ. ಬಲ ಜಾಸ್ತಿ ಆದಷ್ಟೂ ಕಥೆ ಸಪ್ಪೆ ಆಗತ್ತೆ ಮಾರಾಯ್ರೆ.

ಅದಕ್ಕೇ ನಾನು ಹೇಳೋದು, ದೇಶ ಬೇಡ, ಒಂದು ಜಿಲ್ಲೆ ಸಾಕು, ಅದೂ ನಿಮಗೆ ಬಸ್ ಸ್ಟ್ಯಾಂಡಿಂದ ಹಿಡಿದು ಬಚ್ಚಲಮನೆವರೆಗೆ ಗೊತ್ತಿರೋ ಜಿಲ್ಲೆ. ಇಲ್ಲಿ ನಾನು ಶಿವಮೊಗ್ಗನ ಇಟ್ಕೊಂಡು ಹೇಳ್ತೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇಂಥ ಕಥೆಯಲ್ಲಿ ಬಂದೂಕು ತೀರ್ಮಾನ ಮಾಡೋದು ಕಮ್ಮಿ. ಗಡಿ ಗೆರೆ ಎಲ್ಲಿ ಬಿತ್ತು, ಒಳಗೆ ಏನು ದಾಸ್ತಾನು ಇತ್ತು, ಯಾವುದು ಯಾವ ತಿಂಗಳು ಮುಗೀತು, ತೀರ್ಮಾನ ಎಲ್ಲ ಅಲ್ಲೇ ಆಗೋದು.

ಹಂತ 1: ಯುದ್ಧ ಆರಿಸ್ಕೊಳ್ಳಿ

ನಿಮ್ಮ ಊರಿನ ಮೇಲೇ ನಡೆದಿದ್ದ ಯುದ್ಧ ಹುಡುಕಿ. ಶಿವಮೊಗ್ಗಕ್ಕೆ ಅಂದ್ರೆ 1763. ಆಗ ಈ ಸೀಮೆ ಕೆಳದಿ ನಾಯಕರದ್ದು. ರಾಜಧಾನಿ ಬಿದನೂರು, ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರ, ರಾಣಿ ವೀರಮ್ಮಾಜಿ ಆಳ್ತಿದ್ರು. ಸತ್ತುಹೋದ ಅಂತ ಎಲ್ಲರೂ ನಂಬಿದ್ದ ಕೆಳದಿಯ ವಾರಸುದಾರ ಚೆನ್ನಬಸಪ್ಪ ನಾಯಕ ನಾನೇ ಅಂತ ಒಬ್ಬ ಹುಡುಗ ಚಿತ್ರದುರ್ಗದ ಕಡೆಯಿಂದ ಹೈದರಾಲಿ ಹತ್ರ ಬಂದ, ಹೈದರನಿಗೆ ಬೇಕಾಗಿದ್ದೂ ಅಂಥದ್ದೇ ಒಂದು ನೆಪ. ಜನವರಿಯಲ್ಲಿ ಹೊರಟೋನು ಶಿವಮೊಗ್ಗ ಹಿಡಿದ, ಕುಂಸಿ, ಆನಂದಪುರ ದಾಟಿದ, ದಾರಿ ಉದ್ದಕ್ಕೂ ರಾಣಿ ಕಡೆಯೋರು ದುಡ್ಡು ಕೊಡ್ತೀವಿ ವಾಪಸ್ ಹೋಗು ಅಂತ ಚೌಕಾಸಿ ಮಾಡ್ತಾನೇ ಇದ್ರು, ಅವನು ಕೇಳಲಿಲ್ಲ, ಮಾರ್ಚ್ ಹೊತ್ತಿಗೆ ಬಿದನೂರು ಅವನ ಕೈಗೆ ಹೋಯ್ತು. ರಾಣಿ ಬಲ್ಲಾಳರಾಯನದುರ್ಗಕ್ಕೆ ಹೋದ್ರು, ಅಲ್ಲೂ ಸಿಕ್ಕಿಬಿದ್ದು ಮಧುಗಿರಿ ಕೋಟೆಯಲ್ಲಿ ಸೆರೆ. 1767ರಲ್ಲಿ ಮರಾಠರು ಬಿಡಿಸಿದ್ರು, ಪುಣೆಗೆ ಹೋಗೋ ದಾರಿಯಲ್ಲೇ ತೀರಿಕೊಂಡ್ರು.

ಗಮನಿಸಿ, ಅವನು ಬಂದ ದಾರಿ ಈಗ ನಮ್ಮ ಸಾಗರ ಬಸ್ಸು ಹೋಗೋ ದಾರಿನೇ. ಕುಂಸಿ, ಆನಂದಪುರ ಎರಡೂ ತಾಳಗುಪ್ಪ ಲೈನಿನ ಸ್ಟೇಷನ್ನು. ಓದೋರಿಗೆ ಕಣ್ಣು ಮುಚ್ಚಿದ್ರೂ ಗೊತ್ತಿರೋ ರೋಡಲ್ಲಿ ಹೈದರನ ಕುದುರೆ ಬರೋದು ಇದೆಯಲ್ಲ, ಆ ಲಾಭ ಪಾಣಿಪತ್ತಿಂದ ಸಿಗಲ್ಲ.

1783 ಕೂಡ ಚೆನ್ನಾಗಿದೆ, ಜನರಲ್ ಮ್ಯಾಥ್ಯೂಸ್ ಅನ್ನೋ ಇಂಗ್ಲಿಷ್ ಸೇನಾಧಿಕಾರಿ ಬಿದನೂರು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ತಗೊಂಡ. ಆದ್ರೆ ಅಷ್ಟೊತ್ತಿಗೆ ಎದುರಾಳಿಗಳು ಜಾಸ್ತಿ, ಮೊದಲ ಸಲ ಬರೆಯೋರಿಗೆ ತಲೆ ಕೆಡತ್ತೆ.

ಹಂತ 2: ಗಡಿ ಗೆರೆ ಎಳೀರಿ, ಇದನ್ನ ಮಾತ್ರ ಅವಸರ ಮಾಡಬೇಡಿ

ಜಿಲ್ಲೆಯ ಕಂದಾಯ ಮ್ಯಾಪು ತಗೊಳ್ಳಿ, ಏಳು ತಾಲೂಕು, ಸುಮಾರು 8,477 ಚದರ ಕಿಲೋಮೀಟರು, 2011ರ ಜನಗಣತಿ ಪ್ರಕಾರ 17,52,753 ಜನ. ಗಡಿ ಮೇಲೆ ಪೆನ್ಸಿಲ್ ಇಟ್ಟು ಒಂದು ಸುತ್ತು ಹೋಗಿ, ಪ್ರತಿ ಕಡೆ ನಿಂತು ಕೇಳ್ಕೊಳ್ಳಿ: ಇಲ್ಲಿ ಏನು ಕಟ್ ಆಯ್ತು?

ಭದ್ರಾ ಡ್ಯಾಂ ತಗೊಳ್ಳಿ. ಎಲ್ಲರೂ ಅದನ್ನ ನಮ್ದೇ ಅಂದ್ಕೊಂಡಿರ್ತಾರೆ, ಆದ್ರೆ ಲಕ್ಕವಳ್ಳಿ ಇರೋದು ತರೀಕೆರೆ ತಾಲೂಕಲ್ಲಿ, ಚಿಕ್ಕಮಗಳೂರು ಜಿಲ್ಲೆ. ಅಂದ್ರೆ ಡ್ಯಾಂ ಈ ಕಾಲದಲ್ಲೇ ಉಳೀತು, ನಮ್ಮ ಜೊತೆ ಬರಲಿಲ್ಲ. ಭದ್ರಾವತಿ ಸುತ್ತ ಗದ್ದೆಗೆ ನೀರು ಕೊಡೋ ನಾಲೆಯ ತಲೆಯೇ ಇಲ್ಲ, ಬುಡ ಮಾತ್ರ ಇದೆ. ನದಿ ಹರಿಯತ್ತೆ, 18ನೇ ಶತಮಾನದ ಭದ್ರೆ, ಕಟ್ಟೆ ಇಲ್ಲದೆ ತನ್ನ ಪಾಡಿಗೆ, ನಾಲೆ ಮಾತ್ರ ಒಣಗಿರತ್ತೆ. ಬೇಸಿಗೆ ಭತ್ತ ಹೋಯ್ತು ಅಂತ ಅಲ್ಲೇ ಬರ್ಕೊಳ್ಳಿ. ಗಾಜನೂರಿನ ತುಂಗಾ ಡ್ಯಾಂ ಮಾತ್ರ ಒಳಗಿದೆ, ಅದು ನಮ್ಮ ಪುಣ್ಯ.

ಲಿಂಗನಮಕ್ಕಿ ಇನ್ನೂ ದೊಡ್ಡ ಪುಣ್ಯ. ಶರಾವತಿ ಹುಟ್ಟೋ ಅಂಬುತೀರ್ಥವೂ ತೀರ್ಥಹಳ್ಳಿ ತಾಲೂಕೇ, ಡ್ಯಾಮೂ ಸಾಗರ ತಾಲೂಕೇ. ಗೇರುಸೊಪ್ಪೆಯ ಟೇಲ್‌ರೇಸ್ ಪವರ್ ಹೌಸ್ ಹೊನ್ನಾವರ ತಾಲೂಕು, ಅದನ್ನ ಬಿಟ್ಬಿಡಿ. ಹೊಸನಗರದ ಮಾಣಿ ಡ್ಯಾಂ ಒಳಗಿದ್ರೂ ಅದರ ವಾರಾಹಿ ಪವರ್ ಹೌಸ್ ಗಟ್ಟದ ಕೆಳಗೆ ಹೊಸಂಗಡಿಯಲ್ಲಿ, ಹಾಗಾಗಿ ನೀರು ತುಂಬಿ ನಿಂತಿದೆ, ತಿರುಗಿಸೋಕೆ ವಾರಾಹಿಯ ದೊಡ್ಡ ಟರ್ಬೈನ್ ಇಲ್ಲ. ಇಂಥ ಅರ್ಧಂಬರ್ಧ ವಸ್ತುಗಳೇ ಕಥೆಗೆ ಬೇಕಾಗಿರೋದು.

ಭದ್ರಾವತಿ ಕಬ್ಬಿಣದ ಕಾರ್ಖಾನೆ ಒಳಗೆ, ಅದಕ್ಕೆ ಮೊದಲಿಂದ ಅದಿರು ಕೊಡ್ತಿದ್ದ ಕೆಮ್ಮಣ್ಣುಗುಂಡಿ ಹೊರಗೆ. ಶೃಂಗೇರಿ ಹೊರಗೆ, ಅಂದ್ರೆ ತೀರ್ಥಹಳ್ಳಿಯಿಂದ ಶಾರದಾಂಬೆ ದರ್ಶನಕ್ಕೆ ಹೊರಟೋರು ಹೋಗಿ ತಲುಪೋದು ಪಾರ್ಕಿಂಗ್ ಇಲ್ಲದ, ಅಂಗಡಿ ಸಾಲಿಲ್ಲದ ಅವತ್ತಿನ ಶೃಂಗೇರಿಗೆ. ಆಗುಂಬೆ ಒಳಗೆ, ಸೋಮೇಶ್ವರ ಹೊರಗೆ, ಹಾಗಾಗಿ ಘಾಟಿ ತಿರುವಿನ ಮಧ್ಯೆ ಎಲ್ಲೋ ಟಾರು ರೋಡು ಚಾಕುವಲ್ಲಿ ಕೊಯ್ದ ಹಾಗೆ ನಿಂತುಹೋಗತ್ತೆ, ಅದರ ಕೆಳಗೆ ಬರೀ ಕಾಡು, ಹೇರೆತ್ತು ಇಳಿಯೋ ಕಾಲುದಾರಿ. ಅಲ್ಲಿ ಒಂದು ಕೆಎಸ್‌ಆರ್‌ಟಿಸಿ ಬಸ್ಸು ನಿಲ್ಲಿಸಿ, ಡ್ರೈವರ್ ಇಳಿದು ಬ್ಯಾಟರಿ ಹಾಕಿ ನೋಡ್ಲಿ.

ಹಂತ 3: ಅಲ್ಲಿದ್ದ ಹಳೇ ನೆಲ ಎಲ್ಲಿಗೆ ಹೋಯ್ತು?

ಸುಮಾರು ಜನ ಈ ಪ್ರಶ್ನೆನ ಕೇಳ್ಕೊಳ್ಳೋದೇ ಇಲ್ಲ. ಈಗಿನ ಜಿಲ್ಲೆ ಅಲ್ಲಿ ಕೂತ್ರೆ ಆಗಿನ ಬಿದನೂರು ಏನಾಗಬೇಕು? ಅಳಿಸಿಹೋಯ್ತು ಅಂದ್ರೆ ಒಂದು ರಾಜ್ಯದ ಜನ ಎಲ್ಲ ಸತ್ತ ಹಾಗೆ, ಕಥೆ ಶುರುವಾಗೋ ಮುಂಚೆನೇ ಹೆಣದ ರಾಶಿ, ಬೇಡ. ಅದಲು ಬದಲು ಮಾಡಿ. ವೀರಮ್ಮಾಜಿ, ಅವರ ಅರಮನೆ, ಖಜಾನೆ, ಸೈನ್ಯ ಎಲ್ಲ ನಮ್ಮ ಕಾಲಕ್ಕೆ ಬಂದಿವೆ, ನಾವು ಅವರ ಕಾಲಕ್ಕೆ. ಅವರಿಗೆ ಆಧಾರ್ ಕಾರ್ಡ್ ಯಾರು ಮಾಡಿಸಿಕೊಡ್ತಾರೆ ಅನ್ನೋದು ಬೇರೆ ಕಾದಂಬರಿ, ಬರೆಯೋರು ಬರೀಲಿ.

ಹೀಗೆ ಮಾಡಿದ ತಕ್ಷಣ ಚೆಂದದ ಒಂದು ಗಂಟು ಬೀಳತ್ತೆ ನೋಡಿ. ಹೈದರ ಬರೋದೇ ಬಿದನೂರಿನ ಖಜಾನೆಗೆ. ನಿಜ ಇತಿಹಾಸದಲ್ಲಿ ಅವನ ಏಳಿಗೆಗೆ ಬುನಾದಿ ಹಾಕಿದ್ದೇ ಆ ದುಡ್ಡು, ಊರಿಗೆ ಹೈದರನಗರ ಅಂತ ಹೆಸರಿಟ್ಟು ಟಂಕಸಾಲೆ ಮಾಡಿದ, ನಾಣ್ಯದ ಮೇಲೆ ಕೆಳದಿಯವರ ಚಿನ್ನದ ನಾಣ್ಯ ಇಕ್ಕೇರಿ ವರಹದಲ್ಲಿದ್ದ ಶಿವ ಪಾರ್ವತಿಯರನ್ನ ಹಾಗೇ ಉಳಿಸ್ಕೊಂಡ. ಈಗ ಅಲ್ಲಿ ಖಜಾನೆ ಇಲ್ಲ. ಪಾಳು ಕೋಟೆ, ಒಂದಷ್ಟು ಅಂಗಡಿ, ಟೂರಿಸ್ಟ್ ಬೋರ್ಡು. ಹೈದರನಿಗೆ ಅದು ಗೊತ್ತಿಲ್ಲ. ಇನ್ನೊಂದು ಕಡೆ ಮಂಗಳೂರು, ಬಸರೂರು, ಹೊನ್ನಾವರದಲ್ಲಿ ಕೂತಿದ್ದ ಬಿದನೂರಿನ ಅಧಿಕಾರಿಗಳಿಗೆ ರಾತ್ರೋರಾತ್ರಿ ರಾಜಧಾನಿನೇ ಮಾಯ. ಅವರು ಇನ್ನು ಯಾರಿಗೆ ಲೆಕ್ಕ ಒಪ್ಪಿಸಬೇಕು? ಗಟ್ಟ ಹತ್ತಿ ಮೇಲೆ ಬಂದು ನೋಡಿದ್ರೆ ರಾಣಿ ಜಾಗದಲ್ಲಿ ಒಬ್ಬ ಡಿಸಿ ಕೂತಿರ್ತಾರೆ.

ಹಂತ 4: ದಿನ, ಹೊತ್ತು

ನನ್ನ ಆಯ್ಕೆ ದೀಪಾವಳಿ, ನಮ್ಮ ಕಡೆ ದೊಡ್ಡಹಬ್ಬ ಅಂತೀವಲ್ಲ ಅದು. ಎರಡೂ ಕಡೆ ದೀಪಾವಳಿನೇ ಇರ್ಲಿ, ಅಲ್ಲಿ 1762ರದ್ದು, ಚಂದ್ರನೂ ಹೊಂದ್ಕೋತಾನೆ, ಹೈದರ ಬರೋಕೆ ಎರಡು ಮೂರು ತಿಂಗಳು ಟೈಮೂ ಸಿಗತ್ತೆ. ಮಳೆ ಮುಗಿದು ಲಿಂಗನಮಕ್ಕಿ ತುಂಬಿರತ್ತೆ. ಅಡಿಕೆ ಕೊಯ್ಲು ಈಗಷ್ಟೇ ಶುರು. ಮುಖ್ಯವಾಗಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಮಕ್ಕಳೆಲ್ಲ ಊರಿಗೆ ಬಂದಿರ್ತಾರೆ, ಲ್ಯಾಪ್‌ಟಾಪ್ ಸಮೇತ ಸಿಕ್ಕಿಹಾಕ್ಕೊಂಡ್ರು. ಅದೇ ನೀವು ಹಬ್ಬ ಮುಗಿದ ಭಾನುವಾರ ರಾತ್ರಿ ಹತ್ತು ಗಂಟೆ ಅಂತ ಇಟ್ರೆ ಬಸ್ಸುಗಳು ಅರ್ಧ ಗಡಿ ದಾಟಿ, ಅರ್ಧ ಒಳಗೆ, ಮನೆಮನೆಯಲ್ಲೂ ಒಬ್ಬೊಬ್ಬರು ಇಲ್ಲ. ಓದೋರಿಗೆ ಅಳು ತರಿಸಬೇಕಾ, ಗೊಂದಲ ಮಾಡಬೇಕಾ ಅನ್ನೋದರ ಮೇಲೆ ನೋಡ್ಕೊಳ್ಳಿ.

ದೊಡ್ಡಹಬ್ಬಕ್ಕೆ ಇನ್ನೊಂದು ಅನುಕೂಲ, ಅಂಟಿಗೆ ಪಂಟಿಗೆ. ರಾತ್ರಿ ದೀಪ ಹಿಡ್ಕೊಂಡು ಪದ ಹೇಳ್ತಾ ಮನೆಮನೆ ಸುತ್ತೋ ತಂಡ ಒಂದು ತೀರ್ಥಹಳ್ಳಿ ಗಡಿ ಹಳ್ಳಿಯಿಂದ ಹೊರಟಿದೆ ಅನ್ಕೊಳ್ಳಿ. ಕರೆಂಟು ಹೋಗಿದೆ, ಹಬ್ಬದ ದಿನವೂ ತೆಗೆದ್ರಲ್ಲ ಅಂತ ಬೈಕೊಂಡೇ ನಡೀತಿದಾರೆ. ಕಾಲಿಗೆ ಟಾರು ಹೋಗಿ ಮಣ್ಣು ಸಿಕ್ತು. ಮುಂದೆ ಒಂದು ಹುಲ್ಲು ಮಾಡಿನ ಮನೆ, ಇಲ್ಲಿ ಯಾವಾಗ ಕಟ್ಟಿದ್ರಪ್ಪ ಅಂದ್ಕೊಂಡು ಅಂಗಳದಲ್ಲಿ ನಿಂತು ಪದ ಎತ್ತಿದ್ರು. ಬಾಗಿಲು ತೆಗೀತು, ಮನೆಯಾಕೆ ದೀಪಕ್ಕೆ ಎಣ್ಣೆ ಹಾಕಿದ್ಲು, ಅಕ್ಕಿ ತಂದ್ಲು, ಯಾರಿಗೂ ಏನೂ ಅನುಮಾನ ಇಲ್ಲ. ಒಬ್ಬ ಹುಡುಗ ವಿಡಿಯೋ ಮಾಡೋಕೆ ಫೋನ್ ತೆಗೆದು ಟಾರ್ಚ್ ಹಾಕಿದ ನೋಡಿ, ಆಗ ಆಯಮ್ಮ ಕಿರುಚಿದ್ದು. ಎರಡು ಕಾಲದ ಮೊದಲ ಭೇಟಿಗೆ ಡಿಸಿ ಆಫೀಸಿನ ಮೀಟಿಂಗ್‌ಗಿಂತ ಇದು ಸಾವಿರ ಪಾಲು ವಾಸಿ.

ಹಂತ 5: ದಾಸ್ತಾನು ಲೆಕ್ಕ, ಉಪ್ಪಿಂದ ಶುರು ಮಾಡಿ

ಒಂದು ಎಕ್ಸೆಲ್ ಶೀಟ್ ಮಾಡಿ. ಒಂದು ಸಾಲಲ್ಲಿ ವಸ್ತು, ಪಕ್ಕದಲ್ಲಿ ಅದು ಎಲ್ಲಿಂದ ಬರ್ತಿತ್ತು, ಅದರ ಪಕ್ಕದಲ್ಲಿ ಎಷ್ಟು ದಿನಕ್ಕೆ ಸಾಕು, ಕೊನೆಗೆ ಬದಲಿ ಏನು. ಅಕ್ಕಿ ಇದೆ, ಶಿಕಾರಿಪುರದ ಕಡೆ ಮೆಕ್ಕೆಜೋಳ ಇದೆ, ಬೆಲ್ಲ ಇದೆ, ಹಾಲು ಇದೆ. ತೊಗರಿಬೇಳೆ, ಗೋಧಿ, ಈರುಳ್ಳಿ ಮುಗಿಯತ್ತೆ, ಅಯ್ಯೋ ಅಂತಾರೆ ಆದ್ರೆ ಯಾರೂ ಸಾಯಲ್ಲ. ಡೀಸೆಲ್ ಬಂಕಲ್ಲಿ ಇದ್ದಷ್ಟೇ, ಮೊದಲ ದಿನವೇ ಡಿಸಿ ಬಂಕುಗಳಿಗೆ ಸೀಲ್ ಹಾಕಿಸ್ಬೇಕು. ಯೂರಿಯಾ ಇಲ್ಲ, ಹಾಗಾಗಿ ಮುಂದಿನ ವರ್ಷದ ಬೆಳೆ ಈ ವರ್ಷದಷ್ಟು ಬರಲ್ಲ ಅನ್ನೋದನ್ನ ಕೃಷಿ ವಿವಿಯವರ ಬಾಯಲ್ಲಿ ಹೇಳಿಸಿ.

ಉಪ್ಪು? ಒಂದು ಗ್ರಾಮೂ ಇಲ್ಲಿ ತಯಾರಾಗಲ್ಲ. ಲೆಕ್ಕ ಹಾಕೋಣ ಬನ್ನಿ. ಒಬ್ಬರಿಗೆ ದಿನಕ್ಕೆ ಹತ್ತು ಗ್ರಾಂ ಅಂದ್ರೆ ವರ್ಷಕ್ಕೆ 3.65 ಕೆಜಿ, ಹದಿನೇಳೂವರೆ ಲಕ್ಷ ಜನಕ್ಕೆ ಹತ್ತಿರ ಹತ್ತಿರ 6,400 ಟನ್. ಇದು ಊಟಕ್ಕೆ ಮಾತ್ರ, ದನ ಕರು, ಉಪ್ಪಿನಕಾಯಿ ಲೆಕ್ಕ ಬೇರೆ. ಘಾಟಿಯಲ್ಲಿ ಅರ್ಧಕ್ಕೆ ರೋಡು ಕಡಿದಿದೆ, ಲಾರಿ ಹೋಗಲ್ಲ. ಒಂದು ಹೇರೆತ್ತು ನೂರು ಕೆಜಿ ಹೊರತ್ತೆ ಅನ್ಕೊಂಡ್ರೂ ವರ್ಷಕ್ಕೆ 64,000 ಹೇರು. ಅಷ್ಟು ಎತ್ತು, ಅಷ್ಟು ಜನ, ಅಷ್ಟು ಹುಲ್ಲು, ಎಲ್ಲ ಮಳೆಗಾಲ ಶುರುವಾಗೋ ಮುಂಚೆ. ಇದೊಂದು ಲೆಕ್ಕ ಮಾಡಿದ್ರೆ ನಿಮ್ಮ ಕಥೆಯ ಅರ್ಧ ತಾನಾಗೇ ಬರತ್ತೆ.

ಆ ಕಾಲದಲ್ಲಿ ಉಪ್ಪು, ದವಸ ಸಾಗಿಸ್ತಿದ್ದೋರು ಲಂಬಾಣಿಗಳು, ದೊಡ್ಡ ದೊಡ್ಡ ಸೈನ್ಯಗಳಿಗೂ ಅವರ ಎತ್ತಿನ ಸಾಲೇ ಗತಿ. ನಮ್ಮ ಶಿಕಾರಿಪುರ, ಶಿವಮೊಗ್ಗ ತಾಂಡಾಗಳಲ್ಲಿ ಈಗಲೂ ಅದೇ ಗೋರ್‌ಬೋಲಿ ಮಾತಾಡ್ತಾರೆ. ಹಾಗಾಗಿ ಗಡಿ ಆಚೆ ಬರೋ ಎತ್ತಿನ ಸಾಲಿನ ಜೊತೆ ಮೊದಲು ನಿರಾಳವಾಗಿ ಮಾತಾಡೋದು ಐಎಎಸ್ ಆಫೀಸರ್ ಅಲ್ಲ, ತಾಂಡಾದ ಒಬ್ಬ ಅಜ್ಜಿ. ಇನ್ನೊಂದು ವಿಷಯ, ಸಂಪ್ರದಾಯದ ಪ್ರಕಾರ ಸಂತ ಸೇವಾಲಾಲರು ಹುಟ್ಟಿದ್ದು 1739ರಲ್ಲಿ, ಸೂರಗೊಂಡನಕೊಪ್ಪದಲ್ಲಿ, ಅದು ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. ಅಂದ್ರೆ ನಾವು ಹೋಗಿ ಬಿದ್ದ ಹೊತ್ತಿಗೆ ಅವರು ಯುವಕ, ಗಡಿ ಆಚೆ ಬದುಕಿರೋ ಕಾಲ. ತಾಂಡಾದಲ್ಲಿ ಈ ಸುದ್ದಿ ಹರಡಿದ ದಿನ ಹೆಂಗಿರಬಹುದು ಅಂತ ಯೋಚಿಸಿ, ಬಹಳ ಗೌರವದಿಂದ ಬರೀಬೇಕಾದ ಭಾಗ ಅದು, ತಮಾಷೆ ಬೇಡ.

ಉಪ್ಪಿಗೆ ಬದಲು ಕೊಡೋದೇನು? ನೋಟು ಯಾರೂ ಮುಟ್ಟಲ್ಲ. ಅಡಿಕೆ ಗೋಡೌನ್ ತುಂಬ ಇದೆ, ಆದ್ರೆ ಗುಟ್ಕಾ ಫ್ಯಾಕ್ಟರಿಗಳೇ ಇಲ್ಲದ ಲೋಕದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದು ದರ್ಜೆಗೂ ರೇಟು ಕೇಳೋರು ಯಾರು? ಎಪಿಎಂಸಿ ಯಾರ್ಡಲ್ಲಿ ಮೊದಲ ಹರಾಜಿನ ಸೀನ್ ಬರೀರಿ, ಚೀಲ ಚೀಲ ಸಾಲಾಗಿ ಇಟ್ಟಿದಾರೆ, ದಲ್ಲಾಳಿಗಳು ಬಂದಿದಾರೆ, ಒಬ್ಬರೂ ಬಾಯಿ ಬಿಡ್ತಿಲ್ಲ. ಕಾಳುಮೆಣಸು ಮಾತ್ರ ಬಂಗಾರ. ಹೊನ್ನಾವರದಲ್ಲಿ ಇಂಗ್ಲಿಷ್ ಕಂಪನಿಯವರು, ಗೋವಾದಲ್ಲಿ ಪೋರ್ಚುಗೀಸರು ಅದಕ್ಕೇ ಬಾಯಿ ಬಿಟ್ಕೊಂಡು ಕೂತಿದ್ದ ಕಾಲ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ್ದ ಉಪಬೆಳೆ ಇಡೀ ಜಿಲ್ಲೆಯ ವಿದೇಶಾಂಗ ಖಾತೆ ನಡೆಸತ್ತೆ.

ಹಂತ 6: ಕರೆಂಟು, ಫೋನು

ಕರೆಂಟಿಗೆ ಬರ ಇಲ್ಲ. ಶರಾವತಿ ಜನರೇಟಿಂಗ್ ಸ್ಟೇಷನ್ 1,035 ಮೆಗಾವ್ಯಾಟು, ಜೋಗದ ಮಹಾತ್ಮಾ ಗಾಂಧಿ ಪವರ್ ಹೌಸ್ 139.2, ಲಿಂಗನಮಕ್ಕಿ ಡ್ಯಾಂ ಬುಡದ್ದು 55, ಇಡೀ ರಾಜ್ಯಕ್ಕೆ ಕೊಡ್ತಿದ್ದ ಕರೆಂಟು ಈಗ ಒಂದೇ ಜಿಲ್ಲೆಗೆ. ಗಡಿ ಕಡಿದ ಕ್ಷಣ ಗ್ರಿಡ್ ಟ್ರಿಪ್ ಆಗತ್ತೆ, ಮತ್ತೆ ಎತ್ತೋಕೆ ಕಾರ್ಗಲ್ ಕಡೆ ಎಂಜಿನಿಯರ್‌ಗಳು ಒಂದೆರಡು ರಾತ್ರಿ ನಿದ್ದೆಗೆಡ್ತಾರೆ. ನಮ್ಮೂರ ಜನ ಕರೆಂಟಿಲ್ಲ ಅಂತ ಬೈಯೋದು ಬಿಟ್ಟು ಎಲೆಕ್ಟ್ರಿಕ್ ಸ್ಕೂಟಿ ಇದ್ದೋನ ಮನೆ ಮುಂದೆ ಕ್ಯೂ ನಿಲ್ತಾರೆ. ಸಮಸ್ಯೆ ಇರೋದು ಬೇರಿಂಗು, ಟ್ರಾನ್ಸ್‌ಫಾರ್ಮರ್ ಆಯಿಲ್ಲು, ಬಿಡಿಭಾಗದಲ್ಲಿ.

ಮೊಬೈಲಲ್ಲಿ ಟವರ್ ಕಡ್ಡಿ ಕಾಣ್ಬಹುದು, ಕಾಲ್ ಹೋಗಲ್ಲ, ಅದರ ತಲೆ ಇರೋದು ಜಿಲ್ಲೆ ಹೊರಗೆ. ಸ್ಯಾಟಲೈಟ್ ಇಲ್ಲ, ಜಿಪಿಎಸ್ ಸತ್ತಿದೆ. ಪೊಲೀಸ್ ವೈರ್‌ಲೆಸ್ ಕೆಲಸ ಮಾಡತ್ತೆ. ಭದ್ರಾವತಿ ಆಕಾಶವಾಣಿನೂ ಮಾಡತ್ತೆ, ಇದನ್ನ ಮರೀಬೇಡಿ. ವಾಟ್ಸಾಪ್ ಇಲ್ಲದ ಹದಿನೇಳು ಲಕ್ಷ ಜನಕ್ಕೆ ಸುದ್ದಿ ಹೇಳೋದು ಅದೊಂದೇ, ಮೊದಲ ಬುಲೆಟಿನ್‌ನಲ್ಲಿ ಇಸವಿ ಹೇಳ್ಬೇಕೋ ಬೇಡ್ವೋ ಅನ್ನೋ ಜಗಳವೇ ಒಂದು ಅಧ್ಯಾಯ.

ಸೋಗಾನೆ ಏರ್‌ಪೋರ್ಟ್ ಇದೆಯಲ್ಲ ಅಂತ ಕೇಳ್ತೀರಿ. ವಿಮಾನ ಒಂದು ಅಲ್ಲೇ ನಿಂತಿತ್ತು ಅಂತ ಬೇಕಾದ್ರೆ ಬರ್ಕೊಳ್ಳಿ, ಟ್ಯಾಂಕಲ್ಲಿದ್ದಷ್ಟು ಎಣ್ಣೆ, ಒಂದು ಸಲ ಮೇಲೆ ಹೋಗಿ ನಾಲ್ಕೂ ದಿಕ್ಕು ನೋಡಿ ಬಂದ್ರೆ ಮುಗೀತು.

ಹಂತ 7: ಕಾಯಿಲೆ

ನಾವು ಅವರಿಗಿಂತ ಗಟ್ಟಿ ಅನ್ನೋ ಭ್ರಮೆ ಇದ್ರೆ ಇಲ್ಲಿ ಇಳಿಯತ್ತೆ. ಸಿಡುಬು ಭೂಮಿಯಿಂದಲೇ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ, ಮೈಲಿ ಹಾಕೋದು, ಅಂದ್ರೆ ಸಿಡುಬಿನ ಲಸಿಕೆ, ಅಷ್ಟೊತ್ತಿಗೆ ನಿಂತಿತ್ತು. ಹಾಗಾಗಿ ನಮ್ಮಲ್ಲಿ ನಲವತ್ತೈದರ ಒಳಗಿನೋರಿಗೆ ಯಾರಿಗೂ ರಕ್ಷಣೆ ಇಲ್ಲ, ಮತ್ತೆ 1762ರಲ್ಲಿ ಸಿಡುಬು ಊರೂರಲ್ಲಿ ಇತ್ತು. ತೋಳಿನ ಮೇಲೆ ಕಲೆ ಇದೆಯಲ್ಲ ಅಂತ ಕೆಲವು ಪಾತ್ರಗಳು ಧೈರ್ಯ ತಗೋತಾವೆ, ಪಾಪ, ಅದು ಬಿಸಿಜಿ ಕಲೆ, ಕ್ಷಯದ್ದು. ಹಳೇ ತಲೆಗಳಿಗೆ ಮಾತ್ರ ಸ್ವಲ್ಪ ರಕ್ಷಣೆ ಉಳಿದಿರಬಹುದು, ಹಾಗಾಗಿ ಗಡಿಯಲ್ಲಿ ಹೊರಗಿನೋರ ಜೊತೆ ವ್ಯವಹಾರಕ್ಕೆ ಕೂರಿಸೋದು ಅರವತ್ತು ದಾಟಿದ ರಿಟೈರ್ಡ್ ಮೇಷ್ಟ್ರುಗಳನ್ನ. ಚೆನ್ನಾಗಿಲ್ವಾ?

ಪರಿಹಾರವೂ ಇಲ್ಲೇ ಇದೆ. ಎಮ್ಮೆಗೆ ಬರೋ ಸಿಡುಬಿನ ವೈರಸ್ಸು, ಹಿಂದೆ ಮೈಲಿ ಹಾಕೋಕೆ ಬಳಸ್ತಿದ್ದ ವೈರಸ್ಸಿಗೆ ಬಹಳ ಹತ್ತಿರದ ನೆಂಟ. ಶಿವಮೊಗ್ಗದಲ್ಲಿ ವೆಟರ್ನರಿ ಕಾಲೇಜಿದೆ, ಮೆಡಿಕಲ್ ಕಾಲೇಜಿದೆ, ಮೆಗ್ಗಾನ್ ಆಸ್ಪತ್ರೆ ಇದೆ. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿಂದ ಮಾಡಿದ್ದನ್ನ ಮೂವತ್ತು ವರ್ಷ ಮುಂಚೆನೇ ಯಾವುದೋ ಕೊಟ್ಟಿಗೆಯಲ್ಲಿ ಒಬ್ಬ ದನದ ಡಾಕ್ಟ್ರು ಮಾಡ್ತಾರೆ.

ನಾವು ತಗೊಂಡು ಹೋಗೋ ಕಾಯಿಲೆನೂ ಇದೆ. ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಉಣುಗಿನಿಂದ ಹರಡತ್ತೆ, ಡಿಸೆಂಬರಿಂದ ಮೇ ಅದರ ಕಾಲ. ಹೈದರ ಬರೋದು ಜನವರಿಯಲ್ಲಿ, ಸೈನ್ಯ ಬೀಡು ಬಿಡೋದು ಕಾಡಲ್ಲಿ, ತರಗೆಲೆ ಮೇಲೆ ಮಲಗಿ. ಇದನ್ನ ಆಯುಧ ಮಾಡ್ಕೋಬೇಡಿ ದಯವಿಟ್ಟು, ಸುಮ್ನೆ ಆಗಲಿ, ಆಮೇಲೆ ನಮ್ಮ ಡಾಕ್ಟ್ರುಗಳು ಬಿಳಿ ಬಾವುಟ ಹಿಡ್ಕೊಂಡು ಅವನ ಬಿಡಾರಕ್ಕೆ ಹೋಗಬೇಕೋ ಬೇಡ್ವೋ ಅಂತ ಒದ್ದಾಡ್ಲಿ.

ಇನ್ಸುಲಿನ್, ಡಯಾಲಿಸಿಸ್ ವಿಷಯ ಬರೀಲೇಬೇಕು, ಚಿಕ್ಕದಾಗಿ ಬರೀರಿ. ಒಂದೇ ಒಂದು ಮನೆ, ಫ್ರಿಡ್ಜಿನ ಬಾಗಿಲಲ್ಲಿ ಇರೋ ವಯಲ್ಲುಗಳನ್ನ ದಿನಾ ಬೆಳಿಗ್ಗೆ ಎಣಿಸೋ ಅಮ್ಮ. ಸಾಕು.

ಹಂತ 8: ಯಾರ ಮಾತು ನಡೆಯತ್ತೆ

ವಿಧಾನಸೌಧ ಇಲ್ಲ, ದೆಹಲಿ ಇಲ್ಲ, ಹೈಕೋರ್ಟ್ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಹಾಗಾಗಿ ಮೊದಲ ವಾರ ಅವರದ್ದೇ ಕಾರುಬಾರು. ಎರಡನೇ ವಾರಕ್ಕೆ ಏಳು ಕ್ಷೇತ್ರದ ಶಾಸಕರಲ್ಲಿ ಹಬ್ಬಕ್ಕೆ ಊರಲ್ಲಿದ್ದೋರು ಸೇರಿ ನಾವೇ ವಿಧಾನಸಭೆ ಅಂತಾರೆ. ನಿಜವಾದ ರಾಜಕಾರಣಿಗಳ ಹೆಸರು ಹಾಕ್ಬೇಡಿ, ಕಥೆ ಅಲ್ಲೇ ಹಾಳಾಗತ್ತೆ, ಓದೋರು ಪಾರ್ಟಿ ಹಿಡ್ಕೊಂಡು ಕಿತ್ತಾಡ್ತಾರೆ.

ನಿಜವಾದ ಪರೀಕ್ಷೆ ಬರೋದು ಗಡಿ ದಾಟಿ ಓಡಿ ಬರೋರಿಂದ. ಆ ಕಾಲದಲ್ಲಿ ಜೀತ ಇತ್ತು, ಆಳನ್ನ ಮಾರೋದು ಕೊಳ್ಳೋದು ಇತ್ತು, ಅಸ್ಪೃಶ್ಯತೆ ಅಂತೂ ಹೇಳೋದೇ ಬೇಡ. ಕಾಡು ದಾಟಿದ್ರೆ ಒಂದು ಸೀಮೆ ಇದೆ, ಅಲ್ಲಿ ಹೊಡೆಯಲ್ಲ, ಕೂಲಿ ಕೊಡ್ತಾರೆ ಅಂತ ಸುದ್ದಿ ಹಬ್ಬಿದ್ರೆ ಜನ ಬರ್ತಾರೆ. ಅಸ್ಪೃಶ್ಯತೆ, ಜೀತ ನಿಷೇಧಿಸೋ ಸಂವಿಧಾನದ 17 ಮತ್ತೆ 23ನೇ ವಿಧಿ ಪ್ರಕಾರ ಅವರನ್ನ ವಾಪಸ್ ಕಳಿಸೋ ಹಾಗಿಲ್ಲ. ಈಗ ಬಸರೂರಿನ ಅಧಿಕಾರಿ ಗಟ್ಟ ಹತ್ತಿ ಬಂದು ಹೇಳ್ತಾನೆ: ಉಪ್ಪು ಎಷ್ಟು ಬೇಕಾದ್ರೂ ಕೊಡ್ತೀವಿ, ನಮ್ಮ ಆಳುಗಳನ್ನ ನಮಗೆ ಒಪ್ಪಿಸಿ. ಮೀಟಿಂಗ್ ಹಾಲಲ್ಲಿ ಅಂಬೇಡ್ಕರ್ ಫೋಟೋ ಕೆಳಗೆ ಕೂತ ಹತ್ತು ಜನ ಏನು ಹೇಳ್ತಾರೆ? ಎಲ್ಲರೂ ಒಂದೇ ಮಾತು ಹೇಳಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು, ಒಬ್ಬ ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡೋಣ ಸಾರ್ ಅಂತಾನೆ. ಅವನನ್ನ ವಿಲನ್ ಮಾಡ್ಬೇಡಿ, ಅವನ ಮನೆಯಲ್ಲೂ ಉಪ್ಪಿಲ್ಲ. ನನ್ನ ಪ್ರಕಾರ ಇಡೀ ಕಥೆಯ ಎತ್ತರದ ಜಾಗ ಇದು, ಯುದ್ಧ ಅಲ್ಲ.

ಹಂತ 9: ಈಗ ಯುದ್ಧ

ನಮ್ಮ ಕಡೆ ಎಂತ ಇದೆ? ಜಿಲ್ಲಾ ಸಶಸ್ತ್ರ ಪೊಲೀಸ್, ಮಾಚೇನಹಳ್ಳಿ ಹತ್ರ ಕೆಎಸ್‌ಆರ್‌ಪಿ ಬೆಟಾಲಿಯನ್. ರೈಫಲ್ ಇದೆ, ಗುಂಡು ಲೆಕ್ಕದ್ದು, ಹೊಡೆದದ್ದು ಹೊಡೆದ ಹಾಗೆ, ಮತ್ತೆ ಬರಲ್ಲ. ಆಮೇಲೆ ಮಲೆನಾಡಿನ ಮನೆಮನೆ ಬೆಳೆ ರಕ್ಷಣೆ ಕೋವಿ. ತೋಟಾ ಕೋವಿಗೆ ತೋಟಾ ಮುಗಿಯತ್ತೆ, ಅಟ್ಟದ ಮೇಲೆ ಇಟ್ಟಿದ್ದ ಅಜ್ಜನ ಕಾಲದ, ಬಾಯಿಂದ ಮದ್ದು ತುಂಬೋ ಕೇಪಿನ ಕೋವಿನೇ ಕೊನೆಗೆ ಕೆಲಸಕ್ಕೆ ಬರೋದು. ಒಂದು ಕಿವಿಮಾತು, ಕಥೆನ ಎಲೆಕ್ಷನ್ ಟೈಮಲ್ಲಿ ಶುರು ಮಾಡಬೇಡಿ, ಕೋವಿ ಎಲ್ಲ ಸ್ಟೇಷನ್ನಲ್ಲಿ ಡೆಪಾಸಿಟ್ ಆಗಿರತ್ತೆ. ಅಥವಾ ಬೇಕಂತಲೇ ಮಾಡಿ, ಮಜಾ ಇರತ್ತೆ.

ಭದ್ರಾವತಿ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಇದ್ದಿಲಿಂದಲೇ ಕುಲುಮೆ ಉರೀತಿತ್ತು. ಈಗ ಅದು ಮೊದಲಿನ ಹಾಗೆ ನಡೀತಿಲ್ಲ, ಆದ್ರೆ ರಿಟೈರ್ ಆದ ಕಾರ್ಮಿಕರು ಊರಲ್ಲೇ ಇದಾರೆ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಗುಜರಿ ಕರಗಿಸಿ ಎರಕ ಹೊಯ್ಯೋದು ಮೊದಲ ತಿಂಗಳೇ ಆಗತ್ತೆ, ಅದಿರು ಬೇಕಾದ್ರೆ ಗಡಿ ಆಚೆಯ ಪಾಳೇಗಾರರ ಜೊತೆ ಮಾತಾಡ್ಬೇಕು.

ಹೈದರನನ್ನ ಆನಂದಪುರದವರೆಗೆ ಬಿಟ್ಕೊಳ್ಳಿ. ಅವನಿಗೆ ಓದು ಬರಹ ಬರ್ತಿರಲಿಲ್ಲ, ಕನ್ನಡ ಸೇರಿ ಹಲವು ಭಾಷೆ ಮಾತ್ರ ಸಲೀಸಾಗಿ ಮಾತಾಡ್ತಿದ್ದ, ನೆನಪು ಅಂದ್ರೆ ಅಸಾಧ್ಯ ನೆನಪು. ಅಲ್ಲೇ ಹತ್ರ ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ದೊಡ್ಡ ಬೋರ್ಡು. ಅವನು ಕರಣಿಕನನ್ನ ಕರೆದು ಓದು ಅಂತಾನೆ. ಕರಣಿಕ ತಡವರಿಸ್ಕೊಂಡು ಓದ್ತಾನೆ, ಕೆಳದಿ... ಶಿವಪ್ಪ... ನಾಯಕ. ಶಿವಪ್ಪ ನಾಯಕ ಸತ್ತು ನೂರು ವರ್ಷ ಆಗಿದೆ. ಹೈದರ ಏನೂ ಮಾತಾಡದೆ ಕುದುರೆ ಮೇಲಿಂದ ಕರಿ ಟಾರು ರೋಡು ನೋಡ್ತಾನೆ, ಒಬ್ಬ ಸವಾರನಿಗೆ ಇಳಿದು ಅಗೆದು ನೋಡು ಅಂತಾನೆ. ಇಷ್ಟು ಬರೆದ್ರೆ ಅವನ ಬುದ್ಧಿ ಎಂಥದ್ದು ಅಂತ ಓದೋರಿಗೆ ಗೊತ್ತಾಗತ್ತೆ.

ಅವನು ದಡ್ಡ ಅಲ್ಲ, ಇದನ್ನ ಮಾತ್ರ ನೆನಪಿಟ್ಕೊಳ್ಳಿ. ಅಲ್ಲಿ ಒಂದು ಸಲ ರೈಫಲ್ ಏಟು ತಿಂದ್ರೆ ಮತ್ತೆ ಎದುರಿಗೆ ಬರಲ್ಲ. ಹಿಂದೆ ಸರೀತಾನೆ, ಹಿಡಿದೋರ ಹತ್ರ ಮಾತಾಡಿಸ್ತಾನೆ, ಇವರಿಗೆ ಏನು ಇಲ್ಲ ಅಂತ ತಿಳ್ಕೋತಾನೆ. ಉಪ್ಪು ಇಲ್ಲ. ಆಮೇಲೆ ಚಾರ್ಮಾಡಿ ಕಡೆಯಿಂದಲೋ ಬಿಸಿಲೆ ಕಡೆಯಿಂದಲೋ ಕರಾವಳಿಗೆ ಇಳಿದು ಘಾಟಿಗಳ ಬಾಯಿ ಕಟ್ತಾನೆ. ಆಗುಂಬೆ, ಹುಲಿಕಲ್, ಕೊಲ್ಲೂರು, ಗೇರುಸೊಪ್ಪೆ, ನಾಲ್ಕು ಕಡೆ ಚೌಕಿ ಹಾಕಿದ್ರೆ ಮುಗೀತು. ನಿಮ್ಮ ಯುದ್ಧ ಇಲ್ಲಿಂದ ಶುರು. ಆಗ ಯಾರೋ ಒಬ್ಬ ಹೇಳೇ ಹೇಳ್ತಾನೆ, ಲಿಂಗನಮಕ್ಕಿ ಗೇಟು ಎತ್ತಿಬಿಡಿ, ಕೆಳಗಿರೋರೆಲ್ಲ ಕೊಚ್ಕೊಂಡು ಹೋಗ್ಲಿ ಅಂತ. ಹೋಗೋದು ಹೈದರನ ಚೌಕಿ ಮಾತ್ರ ಅಲ್ಲ, ಶರಾವತಿ ದಡದ ಊರುಗಳು, ಹೊನ್ನಾವರದ ಮೆಣಸಿನ ಗಿರಾಕಿ, ಉಪ್ಪಿನ ಗದ್ದೆ, ಜೊತೆಗೆ ನಮ್ಮದೇ ಒಂದು ವರ್ಷದ ಕರೆಂಟು.

ಹಂತ 10: ಹೈದರನ ವಿಷಯದಲ್ಲಿ ನಮ್ಮೋರ ಜಗಳ

ಚಿಕ್ಕದಾಗಿ ಹೇಳ್ತೀನಿ. ಇವತ್ತಿನ ಶಿವಮೊಗ್ಗದಲ್ಲಿ ಅವನ ಬಗ್ಗೆ ಎರಡು ಅಭಿಪ್ರಾಯ ಇದೆ, ಆ ಜಗಳನೂ ನಮ್ಮ ಜೊತೆ 1762ಕ್ಕೆ ಬರತ್ತೆ. ಅದನ್ನ ಮುಚ್ಚಿಡಬೇಡಿ, ಆದ್ರೆ ನಿಮ್ಮ ಕಥೆ ಒಂದು ಕಡೆ ಸೇರೋದೂ ಬೇಡ. ಅವನನ್ನ ಹೀರೋ ಅಂದ್ಕೊಂಡಿದ್ದೋನಿಗೂ, ರಾಕ್ಷಸ ಅಂದ್ಕೊಂಡಿದ್ದೋನಿಗೂ ನಿಜವಾದ ಮನುಷ್ಯ ಎದುರಿಗೆ ಬಂದಾಗ ಸ್ವಲ್ಪ ನಿರಾಸೆ ಆಗ್ಬೇಕು.

ಹಂತ 11: ಮುಂದೆ ಏನೇನು ಬದಲಾಗತ್ತೆ

ಬಿದನೂರಿನ ದುಡ್ಡು ಸಿಗದ ಹೈದರ ಅಷ್ಟು ಬೆಳೆಯಲ್ಲ. ಹಾಗಾದ್ರೆ 1767ರಿಂದ 69ರ ಮೊದಲ ಮೈಸೂರು ಯುದ್ಧ ಆಗತ್ತಾ? 1784ರ ಮಂಗಳೂರು ಒಪ್ಪಂದ ಇಲ್ಲ, 1799ರ ಶ್ರೀರಂಗಪಟ್ಟಣ ಇಲ್ಲ. ಇಂಗ್ಲಿಷರಿಗೆ ಎದುರಾಳಿ ಕಮ್ಮಿ ಆದ, ಅದು ನಮಗೆ ಒಳ್ಳೇದಲ್ಲ. ಈ ಪಟ್ಟಿನ ಗೋಡೆಗೆ ಅಂಟಿಸಿ, ಆದ್ರೆ ಮೊದಲ ಭಾಗದಲ್ಲಿ ಇದ್ಯಾವುದನ್ನೂ ಬರೀಬೇಡಿ, ಮುಂಗಾರು ಹಿಡಿದು ಘಾಟಿ ಮುಚ್ಚೋ ಹೊತ್ತಿಗೆ ಗೋಡೌನಲ್ಲಿ ಎಷ್ಟು ಚೀಲ ಉಪ್ಪು ಬಂದು ಬಿದ್ದಿದೆ ಅನ್ನೋದಕ್ಕೆ ನಿಲ್ಲಿಸಿ.

ಎರಡನೇ ಭಾಗಕ್ಕೆ ಎದುರಾಳಿ ಸಿದ್ಧವಾಗೇ ಇದಾನೆ. 1764ರಲ್ಲಿ ಮರಾಠರ ಪೇಶ್ವೆ ಮಾಧವರಾಯ, ವಯಸ್ಸು ಹತ್ತೊಂಬತ್ತು, ರಟ್ಟಿಹಳ್ಳಿ ಹತ್ರ ಹೈದರನನ್ನ ಸೋಲಿಸಿದ, ವರ್ಷದ ಕೊನೆಗೆ ಜಡೆ ಆನವಟ್ಟಿವರೆಗೂ ಬಂದ. ರಟ್ಟಿಹಳ್ಳಿ ನಮ್ಮ ಗಡಿ ಆಚೆ, ಜಡೆ ಆನವಟ್ಟಿ ಸೊರಬ ತಾಲೂಕಿನ ಒಳಗೆ. ಚೌತ್ ಅನ್ನೋ ಕಪ್ಪ ಕೇಳೋಕೆ ಅವನ ವಕೀಲ, ಅಂದ್ರೆ ರಾಯಭಾರಿ, ಆನವಟ್ಟಿ ನಾಡಕಚೇರಿಗೆ ಬರ್ತಾನೆ ಅಂತ ಶುರು ಮಾಡಿ. ಅದಕ್ಕೆ ಮುಂಚೆ ಸೊರಬ, ಶಿಕಾರಿಪುರದ ಗಡಿ ಹಳ್ಳಿಗಳನ್ನ ಒಂದ್ಸಲ ಬೈಕಲ್ಲಿ ಸುತ್ತಿ ಬನ್ನಿ, ಆ ಕಡೆ ಕಾಡು ತೆಳು, ಜೋಳದ ಹೊಲ ಬಯಲು, ಅಲ್ಲಿ ಕುದುರೆ ಓಡತ್ತೆ.